ದುಡಿಮೆ ಮತ್ತು ವೇತನದಲ್ಲಿ ಸ್ತ್ರೀ-ಪುರುಷ ಅಂತರ: ವಿವಿಧ ದೇಶಗಳ ಸ್ಥಿತಿಗತಿ ಕುರಿತು ಸಾರ್ವಜನಿಕ ಮಾಹಿತಿ

ಸರ್ಕಾರದ ಸೌಲಭ್ಯಗಳನ್ನು ಕೋರಿ ಸಲ್ಲಿಸುವ ಬಹುತೇಕ ಅರ್ಜಿ ನಮೂನೆಗಳಲ್ಲಿ ‘ಉದ್ಯೋಗ’ ಎಂಬ ಅಂಕಣವೊಂದಿರುತ್ತದೆ. ಮಹಿಳಾ ಅರ್ಜಿದಾರರಲ್ಲಿ ಅನೇಕರು ಈ ಅಂಕಣದಲ್ಲಿ ‘ಗೃಹಿಣಿ’ ಎಂದು ನಮೂದಿಸುತ್ತಾರೆ, ಇಲ್ಲವೇ ಅದನ್ನು ಖಾಲಿ ಬಿಡುತ್ತಾರೆ. ಅದೇ ಅರ್ಜಿಯೊಂದಿಗೆ ಲಗತ್ತಿಸಿದ ದಾಖಲೆಗಳನ್ನು ಪರಿಶೀಲಿಸಿದಾಗ ಸದರಿ ಅರ್ಜಿದಾರರು ಬೀಡಿ ಕಟ್ಟುವವರೋ, ಹಾಲಿನ ಸಂಘಕ್ಕೆ ಹಾಲು ಹಾಕುವವರೋ, ನಾಟಿ ಮತ್ತು ಕಳೆ ಕೆಲಸಕ್ಕೆ ಹೋಗುವವರೋ ಆಗಿರುವುದು ಕಂಡುಬರುತ್ತದೆ. ಇದು ಅರ್ಜಿದಾರರ ಅಜಾಗರೂಕತೆಯಿಂದ ಆಗುವ ತಪ್ಪು ಮಾತ್ರವಲ್ಲ. ಮಹಿಳೆಯ ದುಡಿಮೆಯನ್ನು ದುಡಿಮೆಯೆಂದು ಲೆಕ್ಕ ಹಿಡಿಯದಿರುವುದು ಪ್ರಪಂಚದ ಎಲ್ಲ ದೇಶಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದ್ದುಬಂದಿದೆ. ಈ ವಿಷಯದಲ್ಲಿ ವಿವಿಧ ದೇಶಗಳ ಸ್ಥಿತಿಗತಿ, ಕಾರಣಗಳು, ಕೈಗೊಂಡ ಕ್ರಮಗಳು ಹಾಗೂ ನಮ್ಮ ದೇಶದಲ್ಲಿ ಲಭ್ಯವಿರುವ ಕಾನೂನು ಪರಿಹಾರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಅಂತರವನ್ನು ಅಳೆಯುವ ಬಗೆ

ಸಾಮಾನ್ಯವಾಗಿ ಎರಡು ಅಳತೆಗಳನ್ನು ಬಳಸಲಾಗುತ್ತದೆ. ಮೊದಲನೆಯದು ಕಾರ್ಮಿಕ ಬಲದಲ್ಲಿ ಭಾಗವಹಿಸುವಿಕೆ ದರ. 15 ವರ್ಷ ಮತ್ತು ಮೇಲ್ಪಟ್ಟ ವಯಸ್ಸಿನ ನೂರು ಜನರಲ್ಲಿ ಎಷ್ಟು ಮಂದಿ ಕೆಲಸದಲ್ಲಿದ್ದಾರೆ ಅಥವಾ ಕೆಲಸ ಹುಡುಕುತ್ತಿದ್ದಾರೆ ಎಂಬುದನ್ನು ಇದು ತಿಳಿಸುತ್ತದೆ. ಪ್ರಪಂಚವನ್ನು ಒಟ್ಟಾಗಿ ಪರಿಗಣಿಸಿದರೆ ಮಹಿಳೆಯರ ಪೈಕಿ ಅರ್ಧಕ್ಕಿಂತ ತುಸು ಕಡಿಮೆ, ಪುರುಷರ ಪೈಕಿ ಮುಕ್ಕಾಲು ಪಾಲಿನ ಹತ್ತಿರ ಕಾರ್ಮಿಕ ಬಲದಲ್ಲಿದ್ದಾರೆ. ಎರಡನೆಯದು ವೇತನ ಅಂತರ. ಪೂರ್ಣಾವಧಿ ನೌಕರರ ವೇತನವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ನಟ್ಟನಡುವೆ ಬರುವ ಪುರುಷನ ವೇತನ ಹಾಗೂ ನಟ್ಟನಡುವೆ ಬರುವ ಮಹಿಳೆಯ ವೇತನಗಳ ವ್ಯತ್ಯಾಸವನ್ನು ಪುರುಷನ ವೇತನದ ಶೇಕಡಾವಾರಾಗಿ ಹೇಳುವುದು ಒಂದು ರೂಢಿ. ಯುರೋಪಿನ ಅಂಕಿಅಂಶ ಸಂಸ್ಥೆಯು ಗಂಟೆಯ ಸರಾಸರಿ ಸಂಪಾದನೆಯನ್ನು ತೆಗೆದುಕೊಳ್ಳುತ್ತದೆ. ಆದ್ದರಿಂದ ಒಂದೇ ದೇಶಕ್ಕೆ ಎರಡು ಕಡೆ ಎರಡು ಸಂಖ್ಯೆ ಕಂಡುಬಂದಲ್ಲಿ ಒಂದು ತಪ್ಪಿದೆಯೆಂದು ಭಾವಿಸಬೇಕಾಗಿಲ್ಲ.

ಈ ಎರಡು ಅಳತೆಗಳನ್ನು ಒಟ್ಟಿಗೆ ನೋಡದಿದ್ದಲ್ಲಿ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿರುತ್ತದೆ. ಇಟಲಿಯಲ್ಲಿ ಗಂಟೆಯ ವೇತನದ ಅಂತರವು ಯುರೋಪಿನ ಸರಾಸರಿಗಿಂತ ಬಹಳ ಕಡಿಮೆ. ಆದರೆ ಅಲ್ಲಿ ಉದ್ಯೋಗದಲ್ಲಿರುವ ಮಹಿಳೆಯರ ಪ್ರಮಾಣವೇ ಯುರೋಪಿನಲ್ಲಿ ಅತಿ ಕಡಿಮೆ ಇರುವ ದೇಶಗಳ ಸಾಲಿಗೆ ಸೇರುತ್ತದೆ. ಕಡಿಮೆ ವೇತನ ದೊರೆಯಬಹುದಾಗಿದ್ದ ಮಹಿಳೆಯರು ಮನೆಯಲ್ಲಿಯೇ ಉಳಿದಾಗ, ಲೆಕ್ಕದಲ್ಲಿ ಉಳಿಯುವವರು ಹೆಚ್ಚು ಓದಿದವರು ಮತ್ತು ಹೆಚ್ಚು ಸಂಪಾದಿಸುವವರು. ಹಾಜರಿ ಪುಸ್ತಕದಿಂದ ಹೆಸರು ತೆಗೆದು ತರಗತಿಯ ಸರಾಸರಿ ಅಂಕ ಹೆಚ್ಚಿಸಿದಂತೆ ಇದು. ಇದಕ್ಕೆ ಪ್ರತಿಯಾಗಿ ಟಾಂಜಾನಿಯಾ, ಮಡಗಾಸ್ಕರ್ ಮುಂತಾದ ದೇಶಗಳಲ್ಲಿ ಮಹಿಳೆಯರ ಭಾಗವಹಿಸುವಿಕೆ ಶೇಕಡ 75ಕ್ಕೂ ಹೆಚ್ಚಿದೆ. ಅಲ್ಲಿ ಅವರು ದುಡಿಯುವುದು ಬಹುಮಟ್ಟಿಗೆ ಸ್ವಂತ ತುಂಡು ಭೂಮಿಯಲ್ಲಿ ಹೊಟ್ಟೆಪಾಡಿಗಾಗಿ. ದರ ಹೆಚ್ಚಿದೆ ಎಂಬ ಮಾತ್ರಕ್ಕೆ ಅಭಿವೃದ್ಧಿಯಾಗಿದೆ ಎನ್ನಲಾಗದು.

ಬಡ ಕೃಷಿ ದೇಶಗಳಲ್ಲಿ ಹೆಚ್ಚಾಗಿದ್ದು, ಕಾರ್ಖಾನೆಗಳು ಬಂದ ಹಾಗೆ ಇಳಿದು, ವಿದ್ಯಾಭ್ಯಾಸ ಮತ್ತು ಕಚೇರಿ ಕೆಲಸಗಳು ಹೆಚ್ಚಿದ ಮೇಲೆ ಪುನಃ ಏರುವ ಈ ಚಲನೆಯನ್ನು ಅಮೆರಿಕದ ಎರಡು ಶತಮಾನಗಳ ದಾಖಲೆಗಳಿಂದ ತೋರಿಸಿಕೊಟ್ಟವರು ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್. ಅವರಿಗೆ 2023ರ ನೊಬೆಲ್ ಅರ್ಥಶಾಸ್ತ್ರ ಪುರಸ್ಕಾರ ಸಂದಿದೆ. ಈ ಏರಿಳಿತ ಎಲ್ಲ ದೇಶಗಳಿಗೂ ಅನ್ವಯಿಸುವ ನಿಯಮವೇನಲ್ಲ. ಜೋರ್ಡಾನ್ ದೇಶದಲ್ಲಿ ಹೆಣ್ಣುಮಕ್ಕಳು ವಿಶ್ವವಿದ್ಯಾಲಯ ಶಿಕ್ಷಣದಲ್ಲಿ ಗಂಡುಮಕ್ಕಳಿಗೆ ಕಡಿಮೆಯಿಲ್ಲದಿದ್ದರೂ ಕಾರ್ಮಿಕ ಬಲದಲ್ಲಿರುವವರು ನೂರಕ್ಕೆ ಸುಮಾರು 15 ಮಾತ್ರ. ಓದಿಗೂ ಉದ್ಯೋಗಕ್ಕೂ ನಡುವೆ ಇನ್ನೇನೋ ಅಡ್ಡ ಬರುತ್ತದೆ.

ಕಾನೂನೇ ಅಡ್ಡಿಯಾಗಿದ್ದ ಕಾಲ

ಮಹಿಳೆ ಉದ್ಯೋಗಕ್ಕೆ ಹೋಗುವುದನ್ನು ಕಾನೂನೇ ತಡೆಯುತ್ತಿದ್ದುದು ಬಹಳ ಹಿಂದಿನ ಮಾತಲ್ಲ. ಫ್ರಾನ್ಸಿನಲ್ಲಿ ವಿವಾಹಿತ ಮಹಿಳೆಯು ಪತಿಯ ಒಪ್ಪಿಗೆಯಿಲ್ಲದೆ ಉದ್ಯೋಗ ಮಾಡುವ ಹಾಗೂ ಸ್ವಂತ ಬ್ಯಾಂಕ್ ಖಾತೆ ತೆರೆಯುವ ಹಕ್ಕು ಪಡೆದದ್ದು 1965ರಲ್ಲಿ. ಪಶ್ಚಿಮ ಜರ್ಮನಿಯಲ್ಲಿ ಮನೆವಾರ್ತೆಯ ಕರ್ತವ್ಯಗಳಿಗೆ ಧಕ್ಕೆಯಾಗದಿದ್ದಲ್ಲಿ ಮಾತ್ರ ಪತ್ನಿ ಉದ್ಯೋಗ ಮಾಡಬಹುದೆಂಬ ನಿಬಂಧನೆಯು 1977ರವರೆಗೆ ಸಿವಿಲ್ ಸಂಹಿತೆಯಲ್ಲಿತ್ತು. ಐರ್ಲೆಂಡಿನಲ್ಲಿ ಸರ್ಕಾರಿ ಸೇವೆಯಲ್ಲಿದ್ದ ಮಹಿಳೆಯು ವಿವಾಹವಾದ ಕೂಡಲೇ ಕೆಲಸ ಬಿಡಬೇಕೆಂಬ ನಿಯಮ ರದ್ದಾದದ್ದು 1973ರಲ್ಲಿ.

ನಮ್ಮಲ್ಲಿಯೂ ಇಂತಹ ನಿಯಮವಿತ್ತು. ಕೊಡಗಿನವರಾದ ಸಿ.ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯಲ್ಲಿರುವ ಮಹಿಳೆಯು ವಿವಾಹವಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದ ಹೊಣೆಯಿಂದ ಕರ್ತವ್ಯಕ್ಕೆ ಅಡ್ಡಿಯಾಗುತ್ತದೆಂದು ಸರ್ಕಾರಕ್ಕೆ ಮನವರಿಕೆಯಾದಲ್ಲಿ ಆಕೆ ರಾಜೀನಾಮೆ ನೀಡಬೇಕಿತ್ತು. ಪುರುಷ ಅಧಿಕಾರಿಗೆ ಈ ಷರತ್ತು ಇರಲಿಲ್ಲ. ಅವರಿಗೂ ಸಂಸಾರವಿದ್ದೇ ಇತ್ತು. ತಮಗೆ ಬಡ್ತಿ ನಿರಾಕರಿಸಿದ್ದನ್ನು ಪ್ರಶ್ನಿಸಿ ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಅವರಿಗೆ ಬಡ್ತಿ ದೊರೆಯಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಈ ನಿಯಮಗಳಲ್ಲಿನ ತಾರತಮ್ಯವನ್ನು ಕಟುವಾಗಿ ಟೀಕಿಸಿದರು. 1981ರಲ್ಲಿ ಏರ್ ಇಂಡಿಯಾ ಗಗನಸಖಿಯರ ಪ್ರಕರಣದಲ್ಲಿ, ಮೊದಲ ಗರ್ಭಧಾರಣೆಯೊಡನೆ ಸೇವೆ ಕೊನೆಗೊಳ್ಳುವುದೆಂಬ ನಿಯಮವನ್ನು ಅದೇ ನ್ಯಾಯಾಲಯ ರದ್ದುಪಡಿಸಿತು.

ರಾತ್ರಿ ಪಾಳಿಯ ನಿರ್ಬಂಧವೂ ಈ ವರ್ಗಕ್ಕೆ ಸೇರುತ್ತದೆ. ಮಹಿಳೆಯರ ರಾತ್ರಿ ಕೆಲಸ ಕುರಿತ ಒಡಂಬಡಿಕೆಯು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸ್ಥಾಪನೆಯಾದ 1919ನೆಯ ವರ್ಷದಲ್ಲಿಯೇ ಅಂಗೀಕಾರವಾಗಿತ್ತು. ಉದ್ದೇಶ ರಕ್ಷಣೆಯದ್ದಾದರೂ, ಹೆಚ್ಚು ಭತ್ಯೆಯ ಪಾಳಿಗಳಿಂದ ಮಹಿಳೆಯರನ್ನು ಹೊರಗಿಟ್ಟದ್ದು ಅದರ ಪರಿಣಾಮ. ಭಾರತದಲ್ಲಿ ಕಾರ್ಖಾನೆಗಳ ಅಧಿನಿಯಮ 1948ರಲ್ಲಿದ್ದ ಈ ನಿರ್ಬಂಧಕ್ಕೆ ಬದಲಾಗಿ, ಮಹಿಳೆಯ ಒಪ್ಪಿಗೆ ಪಡೆದು ಸುರಕ್ಷತೆಯ ಷರತ್ತುಗಳೊಂದಿಗೆ ರಾತ್ರಿ ಕೆಲಸಕ್ಕೆ ಅವಕಾಶ ನೀಡುವ ನಿಬಂಧನೆಯನ್ನು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಮಾಡಲಾಗಿದೆ.

ವಲಸೆಯ ಕಾನೂನಿನಿಂದಲೂ ಇದೇ ಫಲಿತಾಂಶ ಬರಬಹುದು. ಅಮೆರಿಕಕ್ಕೆ ತಾಂತ್ರಿಕ ಉದ್ಯೋಗದ ವೀಸಾದಲ್ಲಿ ಹೋದವರ ಪತಿ ಅಥವಾ ಪತ್ನಿಗೆ ಅಲ್ಲಿ ಉದ್ಯೋಗ ಮಾಡಲು ಅನುಮತಿಯಿರಲಿಲ್ಲ. 2015ರ ಮೇ ತಿಂಗಳಲ್ಲಿ, ಖಾಯಂ ನಿವಾಸದ ಅರ್ಜಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ ಈ ಅವಕಾಶ ನೀಡಲಾಯಿತು. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದು ಅಲ್ಲಿಗೆ ಹೋದ ಮೇಲೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತ ಮಗಳೋ ಸೊಸೆಯೋ ಇರುವ ಕುಟುಂಬಗಳು ನಮ್ಮ ರಾಜ್ಯದಲ್ಲಿ ಸಾಕಷ್ಟಿವೆ.

ಒಂದೇ ಕೆಲಸ, ಬೇರೆ ದರ್ಜೆ

ಗ್ರಾಮೀಣ ಭಾಗದಲ್ಲಿ ಗಂಡಾಳಿನ ಕೂಲಿ, ಹೆಣ್ಣಾಳಿನ ಕೂಲಿ ಎಂದು ಎರಡು ದರ ಹೇಳುವ ರೂಢಿ ಎಲ್ಲರಿಗೂ ತಿಳಿದದ್ದೇ. ಕಾರಣ ಕೇಳಿದರೆ ಕೆಲಸವೇ ಬೇರೆ ಎಂಬ ಉತ್ತರ ಬರುತ್ತದೆ: ಉಳುಮೆ ಗಂಡಿನದು, ನಾಟಿ ಮತ್ತು ಕಳೆ ಹೆಣ್ಣಿನದು. ಇಡೀ ದಿನ ಕೆಸರಿನಲ್ಲಿ ಬಗ್ಗಿ ನಾಟಿ ಮಾಡುವುದು ಹಗುರ ಕೆಲಸವೆಂದು ಯಾರು, ಯಾವಾಗ ನಿರ್ಧರಿಸಿದರು ಎಂಬ ಪ್ರಶ್ನೆ ಏಳುವುದಿಲ್ಲ. ಕಾರ್ಖಾನೆಗಳಲ್ಲಿ ಇದೇ ಪ್ರಶ್ನೆ ದರ್ಜೆ ನಿಗದಿಯ ರೂಪದಲ್ಲಿ ಬರುತ್ತದೆ.

ಇದಕ್ಕೆ ಇಂಗ್ಲೆಂಡಿನ ಡಾಗೆನ್‌ಹ್ಯಾಮ್‌ನ ಫೋರ್ಡ್ ಮೋಟಾರು ಕಾರ್ಖಾನೆಯ ಪ್ರಸಂಗ ಒಳ್ಳೆಯ ಉದಾಹರಣೆ. ಅಲ್ಲಿ ಕಾರಿನ ಆಸನಗಳ ಹೊದಿಕೆ ಹೊಲಿಯುತ್ತಿದ್ದವರು 187 ಮಹಿಳೆಯರು. ದರ್ಜೆಗಳನ್ನು ಮರುನಿಗದಿ ಮಾಡಿದಾಗ ಅವರ ಕೆಲಸವನ್ನು ಕಡಿಮೆ ಕೌಶಲದ ‘ಬಿ’ ದರ್ಜೆಗೆ ಹಾಕಲಾಯಿತು. ಅಷ್ಟೇ ಅಲ್ಲದೆ ‘ಬಿ’ ದರ್ಜೆಯ ಪುರುಷರಿಗೆ ಸಿಗುತ್ತಿದ್ದ ದರಕ್ಕಿಂತಲೂ ಶೇಕಡ 15ರಷ್ಟು ಕಡಿಮೆ ಕೊಡಲಾಗುತ್ತಿತ್ತು. 1968ರ ಜೂನ್‌ನಲ್ಲಿ ಅವರು ಮುಷ್ಕರ ಹೂಡಿದರು. ಹೊದಿಕೆಯಿಲ್ಲದೆ ಕಾರು ಹೊರಬರಲಾರದೆ ಉತ್ಪಾದನೆ ನಿಂತಿತು. ಸಚಿವೆ ಬಾರ್ಬರಾ ಕ್ಯಾಸಲ್ ಅವರ ಮಧ್ಯಸ್ಥಿಕೆಯಲ್ಲಿ ವೇತನವನ್ನು ಪುರುಷರ ದರದ ಶೇಕಡ 92ಕ್ಕೆ ಏರಿಸಲು ಒಪ್ಪಂದವಾಯಿತು. 1970ರಲ್ಲಿ ಬ್ರಿಟನ್ನಿನ ಸಮಾನ ವೇತನ ಕಾಯ್ದೆ ಅಂಗೀಕಾರಗೊಳ್ಳಲು ಈ ಮುಷ್ಕರವೂ ಕಾರಣವಾಯಿತು. ಆದರೆ ಆ ಮಹಿಳೆಯರ ಮೂಲ ಬೇಡಿಕೆಯಾಗಿದ್ದ ಕುಶಲ ದರ್ಜೆಯ ಮಾನ್ಯತೆ ದೊರೆತದ್ದು ಮತ್ತೊಂದು ಮುಷ್ಕರದ ನಂತರ, 1984ರಲ್ಲಿ. ಹಣ ಕೊಡುವುದಕ್ಕಿಂತ ‘ನಿಮ್ಮದು ಕುಶಲ ಕೆಲಸ’ ಎಂದು ಬರೆದುಕೊಡುವುದು ಕಷ್ಟವಾಯಿತು ಎಂಬುದು ಗಮನಿಸತಕ್ಕ ಅಂಶ.

ಐಸ್‌ಲೆಂಡ್ ದೇಶವು ಈ ವಿಷಯದಲ್ಲಿ ಬೇರೆಯ ದಾರಿ ಹಿಡಿದಿದೆ. 1975ರ ಅಕ್ಟೋಬರ್ 24ರಂದು ಅಲ್ಲಿನ ಮಹಿಳೆಯರಲ್ಲಿ ಸುಮಾರು ಶೇಕಡ 90ರಷ್ಟು ಜನರು ಕಚೇರಿ, ಕಾರ್ಖಾನೆಗಳ ಕೆಲಸವನ್ನಷ್ಟೇ ಅಲ್ಲದೆ ಮನೆಗೆಲಸವನ್ನೂ ಒಂದು ದಿನ ನಿಲ್ಲಿಸಿದರು. ಮೀನು ಸಂಸ್ಕರಣಾ ಘಟಕಗಳು ಮತ್ತು ಶಾಲೆಗಳು ಮುಚ್ಚಿದವು. ತಂದೆಯರು ಮಕ್ಕಳನ್ನು ಕಚೇರಿಗೆ ಕರೆತರಬೇಕಾಯಿತು. ಬೇಗ ಬೇಯುವ ಸಾಸೇಜು ಅಂಗಡಿಗಳಲ್ಲಿ ಮುಗಿದುಹೋಯಿತೆಂದು ಹೇಳುತ್ತಾರೆ. 2018ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನನ್ವಯ 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು, ತಾವು ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ನೀಡುತ್ತಿರುವುದಾಗಿ ಪ್ರಮಾಣೀಕರಣ ಪಡೆಯಬೇಕು. ಇತರ ದೇಶಗಳಲ್ಲಿ ಸಾಮಾನ್ಯವಾಗಿ ತಾರತಮ್ಯವಾಗಿದೆ ಎಂದು ದೂರುವ ಕೆಲಸ ನೌಕರಳ ಮೇಲಿರುತ್ತದೆ. ಐಸ್‌ಲೆಂಡಿನಲ್ಲಿ ತಾರತಮ್ಯವಿಲ್ಲವೆಂದು ತೋರಿಸುವ ಹೊಣೆಯನ್ನು ಸಂಸ್ಥೆಗೆ ವಹಿಸಲಾಗಿದೆ. ಇಷ್ಟಾಗಿಯೂ 2023ರ ಅಕ್ಟೋಬರ್ 24ರಂದು ಅಲ್ಲಿನ ಮಹಿಳೆಯರು ಪುನಃ ದಿನವಿಡೀ ಕೆಲಸ ನಿಲ್ಲಿಸಿದರು. ಅಂದಿನ ಪ್ರಧಾನಿ ಕಾಟ್ರಿನ್ ಯಾಕಬ್ಸ್‌ಡಾಟಿರ್ ಅವರೂ ಅದರಲ್ಲಿ ಪಾಲ್ಗೊಂಡಿದ್ದರು.

ಬ್ರಿಟನ್ನಿನಲ್ಲಿ 250 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳು 2017ರಿಂದ, ಜಪಾನಿನಲ್ಲಿ 300ಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು 2022ರಿಂದ ತಮ್ಮ ವೇತನ ಅಂತರವನ್ನು ಪ್ರಕಟಿಸಬೇಕಾಗಿದೆ.

ಮಗುವಿನ ಜನನ ಮತ್ತು ವೇತನ

ಕಾನೂನು ಸಮಾನವಾದ ಮೇಲೆಯೂ ಅಂತರ ಉಳಿಯುವುದೇಕೆ? ಇದಕ್ಕೆ ಹೆಚ್ಚು ಸ್ಪಷ್ಟವಾದ ಉತ್ತರ ಡೆನ್ಮಾರ್ಕಿನ ದಾಖಲೆಗಳಿಂದ ದೊರೆತಿದೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಮಗು ಹುಟ್ಟುವವರೆಗೆ ಪುರುಷ ಮತ್ತು ಮಹಿಳೆಯರ ಸಂಪಾದನೆ ಒಂದೇ ಬಗೆಯಲ್ಲಿ ಸಾಗುವುದು, ಮಗುವಾದ ಕೂಡಲೇ ತಾಯಿಯ ಸಂಪಾದನೆ ಕುಸಿಯುವುದು, ತಂದೆಯದಕ್ಕೆ ಏನೂ ಆಗದಿರುವುದು ಕಂಡುಬಂದಿತು. ದೀರ್ಘಾವಧಿಯಲ್ಲಿ ತಾಯಿಗೆ ಆಗುವ ನಷ್ಟ ಸುಮಾರು ಶೇಕಡ 20. ಇದು ಶಿಶುಪಾಲನಾ ವ್ಯವಸ್ಥೆ ಉತ್ತಮವಾಗಿರುವ ದೇಶದ ಲೆಕ್ಕ.

ತಡಹೊತ್ತಿನವರೆಗೆ, ಕರೆದಾಗಲೆಲ್ಲ ಲಭ್ಯವಿರುವ ನೌಕರನಿಗೆ ಮಾತ್ರ ಹೆಚ್ಚು ವೇತನ ನೀಡುವ ಉದ್ಯೋಗಗಳಲ್ಲಿ ಈ ನಷ್ಟ ಹೆಚ್ಚು ಎಂದು ಗೋಲ್ಡಿನ್ ಅವರ ಸಂಶೋಧನೆ ತಿಳಿಸುತ್ತದೆ. ಅಮೆರಿಕದ ಔಷಧಿ ವಿತರಕರ ವೃತ್ತಿಯಲ್ಲಿ ಅಂತರ ಬಹಳ ಕಡಿಮೆಯಾಗಿದೆ. ಸ್ವಂತ ಅಂಗಡಿಗಳ ಬದಲು ದೊಡ್ಡ ಮಳಿಗೆಗಳು ಬಂದು, ದಾಖಲೆಗಳು ಗಣಕೀಕೃತವಾಗಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಸುಲಭವಾಗಿ ವಹಿಸಿಕೊಳ್ಳುವಂತಾದದ್ದು ಇದಕ್ಕೆ ಕಾರಣ.

ಪರಿಹಾರವಾಗಿ ರಜೆಯನ್ನು ತಾಯಿಗಷ್ಟೇ ನೀಡದೆ ತಂದೆ-ತಾಯಿ ಇಬ್ಬರಿಗೂ ನೀಡುವ ಪದ್ಧತಿಯನ್ನು ಮೊದಲು ತಂದದ್ದು ಸ್ವೀಡನ್, 1974ರಲ್ಲಿ. ಬಹುಪಾಲು ತಂದೆಯರು ಅದನ್ನು ಬಳಸಲಿಲ್ಲ. ನಾರ್ವೆ 1993ರಲ್ಲಿ, ಸ್ವೀಡನ್ 1995ರಲ್ಲಿ ರಜೆಯ ಒಂದು ಭಾಗವನ್ನು ತಂದೆಗೇ ಕಾಯ್ದಿರಿಸಿ, ಆತ ಪಡೆಯದಿದ್ದಲ್ಲಿ ಅದು ರದ್ದಾಗುತ್ತದೆಂದು ನಿಯಮ ಮಾಡಿದ ಮೇಲೆ ಬಳಕೆ ಹೆಚ್ಚಿತು. ಕೆನಡಾದ ಕ್ವಿಬೆಕ್ ಪ್ರಾಂತ್ಯವು 1997ರಲ್ಲಿ ದಿನಕ್ಕೆ 5 ಡಾಲರ್ ದರದಲ್ಲಿ ಶಿಶುಪಾಲನೆ ಆರಂಭಿಸಿತು. ಆ ಬಳಿಕ ಚಿಕ್ಕ ಮಕ್ಕಳಿರುವ ತಾಯಂದಿರ ಉದ್ಯೋಗ ಗಣನೀಯವಾಗಿ ಏರಿತು.

ತೆರಿಗೆ ಪದ್ಧತಿಯೂ ಪ್ರಭಾವ ಬೀರುತ್ತದೆ. (ವಾಣಿಜ್ಯಶಾಸ್ತ್ರ ಓದಿದವರಿಗೆ ಇದು ಬೇಗ ಅರ್ಥವಾದೀತು, ಉಳಿದವರೂ ದಯವಿಟ್ಟು ಓದಬೇಕು.) ಜರ್ಮನಿಯಲ್ಲಿ 1958ರಿಂದ ದಂಪತಿಗಳ ಆದಾಯವನ್ನು ಕೂಡಿಸಿ ತೆರಿಗೆ ಲೆಕ್ಕ ಹಾಕುವ ಪದ್ಧತಿಯಿದೆ. ಕಡಿಮೆ ಸಂಪಾದಿಸುವ ಸಂಗಾತಿಯ ಮೊದಲ ಗಳಿಕೆಯ ಮೇಲೆಯೇ ಹೆಚ್ಚಿನ ದರ ಬೀಳುವುದರಿಂದ, ಆಕೆ ಪೂರ್ಣಾವಧಿ ದುಡಿದರೂ ಕೈಗೆ ಸಿಗುವುದು ಕಡಿಮೆ. ಸ್ವೀಡನ್ 1971ರಲ್ಲಿಯೇ ಪ್ರತ್ಯೇಕ ತೆರಿಗೆಗೆ ಬದಲಾಯಿತು. ಜಪಾನಿನಲ್ಲಿ ಪತ್ನಿಯ ವಾರ್ಷಿಕ ಗಳಿಕೆ 10 ಲಕ್ಷ 30 ಸಾವಿರ ಯೆನ್ ದಾಟಿದರೆ ತೆರಿಗೆ ಬೀಳುತ್ತಿದ್ದುದರಿಂದ, ವರ್ಷದ ಕೊನೆಯಲ್ಲಿ ಮಹಿಳೆಯರು ತಾವಾಗಿಯೇ ಕೆಲಸದ ಗಂಟೆ ಕಡಿಮೆ ಮಾಡಿಕೊಳ್ಳುತ್ತಿದ್ದರು. ಈ ಮಿತಿಯನ್ನು 2025ರಲ್ಲಿ ಏರಿಸಲಾಯಿತು. ಶ್ರೀಮಂತ ದೇಶಗಳಲ್ಲಿ ವೇತನ ಅಂತರ ಅತಿ ಹೆಚ್ಚಿರುವುದು ದಕ್ಷಿಣ ಕೊರಿಯಾದಲ್ಲಿ, ಸುಮಾರು ಶೇಕಡ 30. ಭಾರತದಲ್ಲಿ ಪತಿ-ಪತ್ನಿಯರ ಆದಾಯ ತೆರಿಗೆ ಪ್ರತ್ಯೇಕವಾಗಿಯೇ ಇರುವುದರಿಂದ ಈ ಒಂದು ತೊಡಕು ನಮಗಿಲ್ಲ.

ಊರವರು ಏನೆನ್ನುತ್ತಾರೆ

ಸೌದಿ ಅರೇಬಿಯಾದಲ್ಲಿ 2018ರ ಜೂನ್‌ನಲ್ಲಿ ಮಹಿಳೆಯರಿಗೆ ವಾಹನ ಚಾಲನೆಗೆ ಅನುಮತಿ ದೊರೆಯಿತು. 2019ರಲ್ಲಿ 21 ವರ್ಷ ಮೇಲ್ಪಟ್ಟವರು ಪುರುಷ ಪೋಷಕರ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಪಡೆಯುವಂತಾಯಿತು. 2030ಕ್ಕೆ ಇಟ್ಟುಕೊಂಡಿದ್ದ ಶೇಕಡ 30ರ ಭಾಗವಹಿಸುವಿಕೆಯ ಗುರಿಯನ್ನು ಆ ದೇಶ ಹಲವು ವರ್ಷ ಮುಂಚೆಯೇ ದಾಟಿತು. ರಿಯಾದ್ ನಗರದಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿವಾಹಿತ ಯುವಕರನ್ನು ಪ್ರಶ್ನಿಸಲಾಯಿತು. ಮಹಿಳೆಯರು ಹೊರಗೆ ದುಡಿಯುವುದಕ್ಕೆ ಬಹುತೇಕರು ಸ್ವತಃ ಒಪ್ಪಿದ್ದರು, ಆದರೆ ನೆರೆಹೊರೆಯವರು ಒಪ್ಪಲಾರರೆಂದು ಭಾವಿಸಿದ್ದರು. ನೆರೆಯವರೂ ಒಪ್ಪಿದ್ದಾರೆಂಬ ನಿಜಸಂಗತಿ ತಿಳಿಸಿದ ಮೇಲೆ, ಅಂತಹವರ ಪತ್ನಿಯರು ಉದ್ಯೋಗದ ಸಂದರ್ಶನಕ್ಕೆ ಹೋಗುವುದು ಹೆಚ್ಚಿತು. ನಮ್ಮ ಊರುಗಳಲ್ಲಿಯೂ ಇಂತಹ ಪ್ರಶ್ನೆ ಕೇಳಿ ನೋಡಬಹುದು.

ಭಾರತದ ಸ್ಥಿತಿ

ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 15 ವರ್ಷ ಮತ್ತು ಮೇಲ್ಪಟ್ಟ ಮಹಿಳೆಯರ ಭಾಗವಹಿಸುವಿಕೆ ದರವು 2017-18ರಲ್ಲಿ ಶೇಕಡ 23.3 ಇದ್ದುದು 2023-24ರಲ್ಲಿ ಶೇಕಡ 41.7ಕ್ಕೆ ಏರಿದೆ. ಅದೇ 2023-24ರಲ್ಲಿ ಪುರುಷರ ದರ ಶೇಕಡ 78.8. ಏರಿಕೆಯ ಬಹುಭಾಗ ಗ್ರಾಮೀಣ ಪ್ರದೇಶದ್ದು ಮತ್ತು ಸ್ವಯಂ ಉದ್ಯೋಗದ್ದು. ಕುಟುಂಬದ ಜಮೀನಿನಲ್ಲಿ ಅಥವಾ ಅಂಗಡಿಯಲ್ಲಿ ವೇತನವಿಲ್ಲದೆ ದುಡಿಯುವವರೂ ಇದರಲ್ಲಿ ಸೇರಿದ್ದಾರೆ. ಆದುದರಿಂದ ಈ ಏರಿಕೆಯನ್ನು ಸಂಬಳದ ಉದ್ಯೋಗ ಹೆಚ್ಚಿದೆ ಎಂದು ಓದಿಕೊಳ್ಳಬಾರದು.

ಸಮೀಕ್ಷೆಯಲ್ಲಿ ಪ್ರತಿಯೊಬ್ಬರ ಚಟುವಟಿಕೆಗೂ ಒಂದು ಸಂಕೇತ ಸಂಖ್ಯೆ ನೀಡಲಾಗುತ್ತದೆ. ಮನೆಗೆಲಸ ಮಾತ್ರ ಮಾಡುವವರಿಗೆ 92. ಮನೆಗೆಲಸದ ಜೊತೆಗೆ ಸೌದೆ ತರುವುದು, ಮನೆಯವರಿಗಾಗಿ ಹೊಲಿಗೆ, ನೇಯ್ಗೆ ಮುಂತಾದವನ್ನು ಮಾಡುವವರಿಗೆ 93. ಈ ಎರಡೂ ಸಂಖ್ಯೆಯವರು ಕಾರ್ಮಿಕ ಬಲದ ಹೊರಗೆ. ಆದರೆ ವರ್ಷದಲ್ಲಿ 30 ದಿನಗಳಷ್ಟಾದರೂ ಕೃಷಿ, ಹೈನುಗಾರಿಕೆ ಅಥವಾ ಇತರ ಆರ್ಥಿಕ ಚಟುವಟಿಕೆಯಲ್ಲಿ ತೊಡಗಿದವರನ್ನು ಪೂರಕ ಸ್ಥಿತಿಯಡಿ ಕೆಲಸಗಾರರೆಂದು ಪರಿಗಣಿಸಲಾಗುತ್ತದೆ. ಗಣತಿದಾರರ ಪ್ರಶ್ನೆಗೆ ಮನೆಯ ಯಜಮಾನರು ‘ಆಕೆ ಏನೂ ಮಾಡುವುದಿಲ್ಲ, ಮನೆಯಲ್ಲೇ ಇರುತ್ತಾಳೆ’ ಎಂದು ಉತ್ತರಿಸಿದರೆ ಆ ದುಡಿಮೆ ದಾಖಲೆಯಿಂದ ಹೊರಗುಳಿಯುತ್ತದೆ. 2024ರ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ, ಪುರುಷರು 88 ನಿಮಿಷ ವ್ಯಯಿಸುತ್ತಾರೆ.

ಸಾರಿಗೆಯ ಖರ್ಚೂ ಒಂದು ಅಡ್ಡಿಯೇ ಆಗಿದ್ದು, ಕರ್ನಾಟಕದಲ್ಲಿ 2023ರ ಜೂನ್ 11ರಂದು ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯನ್ನು ಜಾರಿಗೊಳಿಸಲಾಯಿತು.

ಲಭ್ಯವಿರುವ ಕಾನೂನು ಪರಿಹಾರ

ಸಂವಿಧಾನದ 39(ಡಿ) ಅನುಚ್ಛೇದವು ಸ್ತ್ರೀ-ಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನವನ್ನು ರಾಜ್ಯನೀತಿಯ ನಿರ್ದೇಶಕ ತತ್ವವಾಗಿ ವಿಧಿಸಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮಾನ ವೇತನ ಒಡಂಬಡಿಕೆಯನ್ನು (ಸಂಖ್ಯೆ 100, 1951) ಭಾರತವು 1958ರಲ್ಲಿ ಅನುಮೋದಿಸಿದೆ. ಸಮಾನ ವೇತನ ಅಧಿನಿಯಮ 1976ರ ಸ್ಥಾನದಲ್ಲಿ ಈಗ ವೇತನ ಸಂಹಿತೆ 2019 ಇದ್ದು, ಇದು ಇತರ ಮೂರು ಕಾರ್ಮಿಕ ಸಂಹಿತೆಗಳೊಂದಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಇದರ 3ನೇ ಪ್ರಕರಣದಂತೆ ಒಬ್ಬನೇ ಮಾಲೀಕನಡಿ ಒಂದೇ ಕೆಲಸಕ್ಕೆ ಅಥವಾ ಅದೇ ಸ್ವರೂಪದ ಕೆಲಸಕ್ಕೆ ಲಿಂಗದ ಆಧಾರದ ಮೇಲೆ ವೇತನದಲ್ಲಿಯಾಗಲಿ ನೇಮಕಾತಿಯಲ್ಲಿಯಾಗಲಿ ತಾರತಮ್ಯ ಮಾಡುವಂತಿಲ್ಲ. ಪುರುಷರ ವೇತನವನ್ನು ಇಳಿಸಿ ಸಮಾನಗೊಳಿಸುವಂತೆಯೂ ಇಲ್ಲ. 45ನೇ ಪ್ರಕರಣದಡಿ ನೌಕರರು ಸ್ವತಃ, ಅಥವಾ ಅವರು ಸದಸ್ಯರಾಗಿರುವ ಕಾರ್ಮಿಕ ಸಂಘದ ಮೂಲಕ, 3 ವರ್ಷಗಳೊಳಗಾಗಿ ಕ್ಲೇಮು ಅರ್ಜಿ ಸಲ್ಲಿಸಬಹುದು. ಪ್ರಾಧಿಕಾರವು ಬಾಕಿ ಮೊತ್ತದೊಂದಿಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದಾಗಿದೆ.

ಹೆರಿಗೆ ಸೌಲಭ್ಯವು ಸಾಮಾಜಿಕ ಭದ್ರತಾ ಸಂಹಿತೆ 2020ರ ವ್ಯಾಪ್ತಿಗೆ ಬಂದಿದೆ. ಹೆರಿಗೆಯ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿದವರಿಗೆ ವೇತನಸಹಿತ 26 ವಾರಗಳ ರಜೆ, ಈಗಾಗಲೇ ಇಬ್ಬರು ಜೀವಂತ ಮಕ್ಕಳಿದ್ದಲ್ಲಿ 12 ವಾರ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರವಿರಬೇಕು ಮತ್ತು ತಾಯಿಗೆ ದಿನಕ್ಕೆ 4 ಬಾರಿ ಅಲ್ಲಿಗೆ ಭೇಟಿ ನೀಡಲು ಅವಕಾಶವಿರಬೇಕು. ನೌಕರರ ರಾಜ್ಯ ವಿಮೆಗೆ ಒಳಪಟ್ಟವರಿಗೆ ನಿಗಮವೇ ಹಣ ಪಾವತಿಸುತ್ತದೆ. ಉಳಿದೆಡೆ ಪೂರ್ಣ ವೆಚ್ಚ ಮಾಲೀಕನದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ನೇ ಇಸವಿಯ ಒಡಂಬಡಿಕೆಯು (ಸಂಖ್ಯೆ 183) ಈ ವೆಚ್ಚವನ್ನು ಸಾಮಾನ್ಯವಾಗಿ ಸಾಮಾಜಿಕ ವಿಮೆ ಅಥವಾ ಸರ್ಕಾರಿ ನಿಧಿ ಭರಿಸಬೇಕೆನ್ನುತ್ತದೆ. ಮಾಲೀಕನೊಬ್ಬನ ಮೇಲೆಯೇ ಹೊರಿಸಿದಲ್ಲಿ ಆತ ಯುವತಿಯರನ್ನು ನೇಮಿಸಿಕೊಳ್ಳಲು ಹಿಂಜರಿಯುವ ಸಂಭವವಿದೆ. ಈ ಆಕ್ಷೇಪಣೆಯಲ್ಲಿ ಹುರುಳಿದೆ.

ಅರ್ಜಿದಾರರ ಗಮನಕ್ಕೆ

‘ಉದ್ಯೋಗ’ ಅಂಕಣದಲ್ಲಿ ತಾವು ವಾಸ್ತವವಾಗಿ ಮಾಡುವ ಕೆಲಸವನ್ನು ಬರೆಯತಕ್ಕದ್ದು. ಮನೆಯಲ್ಲಿಯೇ ಕುಳಿತು ಮಾಡುವ ಬೀಡಿ ಕಟ್ಟುವುದು, ಊದುಬತ್ತಿ ಹೊಸೆಯುವುದು, ಹೊಲಿಗೆ, ಹಪ್ಪಳ ತಯಾರಿಕೆ ಇವೆಲ್ಲವೂ ಉದ್ಯೋಗವೇ. ಮನೆಗೆಲಸದೊಂದಿಗೆ ಇವುಗಳನ್ನು ಮಾಡುತ್ತಿದ್ದಲ್ಲಿ ಎರಡನ್ನೂ ನಮೂದಿಸಬಹುದು. ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟ್‌ನಲ್ಲಿ ಆರಂಭಿಸಲಾದ ಇ-ಶ್ರಮ್ ನೋಂದಣಿಯಲ್ಲಿ, ಭವಿಷ್ಯ ನಿಧಿ ಮತ್ತು ನೌಕರರ ರಾಜ್ಯ ವಿಮೆಯ ಸದಸ್ಯರಲ್ಲದ ಹಾಗೂ ಆದಾಯ ತೆರಿಗೆ ಪಾವತಿದಾರರಲ್ಲದ ಕೆಲಸಗಾರರಿಗೆ 12 ಅಂಕಿಗಳ ಸಂಖ್ಯೆ ನೀಡಲಾಗುತ್ತದೆ. ನೋಂದಣಿಗೆ ಆಧಾರ್, ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಹಾಗೂ ಬ್ಯಾಂಕ್ ಖಾತೆಯ ವಿವರ ಬೇಕಾಗುತ್ತದೆ. ಮೊಬೈಲ್ ಸಂಖ್ಯೆ ಪತಿಯದ್ದೋ ಮಗನದ್ದೋ ಆಗಿರುವ ಪ್ರಕರಣಗಳೇ ಹೆಚ್ಚು. ಸಾಧ್ಯವಾದಷ್ಟೂ ಅರ್ಜಿದಾರರ ಸ್ವಂತ ಸಂಖ್ಯೆ ಮತ್ತು ಸ್ವಂತ ಖಾತೆಯನ್ನೇ ನೀಡುವುದು. ಜಂಟಿ ಖಾತೆಯಿದ್ದಲ್ಲಿ ಮೊದಲ ಹೆಸರು ಅರ್ಜಿದಾರರದ್ದಾಗಿರುವುದನ್ನು ಖಚಿತಪಡಿಸಿಕೊಳ್ಳುವುದು.